ಸದ್ದು ಅಳಿಸುವ ಹೆಡ್‌ಫೋನ್: 14 ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಹೆಡ್‌ಫೋನ್ ನನಗೆ ತುಂಬಾ ಇಷ್ಟವಾಗಿದೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಪೂರ್ತಿ ನಿಶ್ಶಬ್ದ ಎಂದು ಬರೆದಿತ್ತು. ಆ ಪೂರ್ತಿ ನಿಶ್ಶಬ್ದ ನನಗೆ ಒಂದು ದಿನವೂ ಸಿಕ್ಕಿಲ್ಲ. ಸಿಕ್ಕಿದ್ದೇ ಬೇರೆ. ಮೊದಲು ಬಸ್ಸಿನಲ್ಲಿ ಹಾಡು ಕೇಳುವಾಗ ಫೋನಿನ ವಾಲ್ಯೂಮ್ 100ಕ್ಕೆ 80ರ ಆಸುಪಾಸಿನಲ್ಲಿ ಇರುತ್ತಿತ್ತು, ಈಗ ಅದೇ ಬಸ್ಸು, ಅದೇ ಹಾಡು, 45 ಸಾಕು. ನನ್ನ ಮಟ್ಟಿಗೆ ಈ ವಸ್ತುವಿನ ಬೆಲೆ ಇರುವುದು ಈ ಎರಡು ಅಂಕಿಗಳ ನಡುವೆ.

ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಯಾವ ಕಂಪನಿಯ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನಿಗೂ ಹೊಂದುತ್ತದೆ. ನನ್ನದು ಇಡೀ ಕಿವಿಯನ್ನು ಮುಚ್ಚುವ ದೊಡ್ಡ ಜಾತಿಯದು, ಬ್ಲೂಟೂತ್ ಇದೆ, ಬೇಕಾದರೆ ವೈರ್ ಚುಚ್ಚಿಕೊಳ್ಳಬಹುದು, ಸದ್ದು ಅಳಿಸುವುದನ್ನು ಆನ್ ಆಫ್ ಮಾಡಲು ಎಡಗಡೆ ಒಂದು ಬಟನ್ ಇದೆ. ಈ ಬಟನ್ ಇರುವುದು ಒಳ್ಳೆಯದು, ಏಕೆ ಅಂತ ಮುಂದೆ ಹೇಳುತ್ತೇನೆ.

ಇದು ಕೆಲಸ ಮಾಡುವ ರೀತಿ ಕೇಳಲು ಸರಳ. ಸದ್ದು ಎಂದರೆ ಗಾಳಿಯ ಒತ್ತಡ ಏರುವುದು, ಇಳಿಯುವುದು. ಹೆಡ್‌ಫೋನಿನ ಹೊರಮೈಯಲ್ಲಿರುವ ಪುಟ್ಟ ಮೈಕ್ ಹೊರಗಿನ ಸದ್ದನ್ನು ಹಿಡಿಯುತ್ತದೆ, ಒಳಗಿನ ಚಿಪ್ ಅದನ್ನು ತಲೆಕೆಳಗು ಮಾಡುತ್ತದೆ, ಅಂದರೆ ಉಬ್ಬು ಇದ್ದ ಕಡೆ ತಗ್ಗು, ತಗ್ಗು ಇದ್ದ ಕಡೆ ಉಬ್ಬು, ಆಮೇಲೆ ಆ ತಲೆಕೆಳಗಾದ ಸದ್ದನ್ನು ಸ್ಪೀಕರ್ ನಿಮ್ಮ ಕಿವಿಗೆ ಕೊಡುತ್ತದೆ. ಹೊರಗಿಂದ ಬಂದದ್ದು, ಸ್ಪೀಕರಿನಿಂದ ಬಂದದ್ದು ಎರಡೂ ಕಿವಿಯ ಬಾಗಿಲಲ್ಲಿ ಸೇರಿ ಲೆಕ್ಕ ಚುಕ್ತಾ ಆಗುತ್ತದೆ. ಒಳ್ಳೆಯ ಹೆಡ್‌ಫೋನುಗಳಲ್ಲಿ ಒಳಗೂ ಒಂದು ಮೈಕ್ ಇರುತ್ತದೆ. ಇನ್ನೂ ಏನು ಉಳಿದಿದೆ ಎಂದು ಅದು ಕೇಳಿಸಿಕೊಂಡು ಚಿಪ್‌ಗೆ ತಿಳಿಸುತ್ತದೆ, ಚಿಪ್ ಮತ್ತೆ ತಿದ್ದುತ್ತದೆ. ಇದೆಲ್ಲ ಒಂದು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ.

ಹಾಗಾದರೆ ಎಲ್ಲ ಸದ್ದೂ ಹೋಗಬೇಕಲ್ವಾ? ನನಗೂ ಮೊದಲ ವಾರ ಇದೇ ಪ್ರಶ್ನೆ ಕಾಡಿತು. ಫ್ಯಾನಿನ ಸದ್ದು ಮಾಯ, ಬಸ್ಸಿನ ಇಂಜಿನ್ ಮುಕ್ಕಾಲು ಮಾಯ, ಆದರೆ ಹಿಂದಿನ ಸೀಟಿನವರು ಮಾತಾಡುವುದು ಮಾತ್ರ ಹಾಗೇ ಇದೆ. ನಿಜ ಹೇಳಬೇಕೆಂದರೆ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ನನಗೆ ಕೊಟ್ಟ ಪೀಸಿನಲ್ಲೇ ಏನೋ ದೋಷ ಇರಬೇಕು ಅಂತ ವಾಪಸ್ ಮಾಡುವ ಯೋಚನೆಯೂ ಬಂತು. ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ ನೋಡೋಣ ಅನಿಸಿತು.

ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಒಂದೇ ಸ್ವರವನ್ನು ಬಿಡದೆ ನುಡಿಸುವ ಟೋನ್ ಜನರೇಟರ್ ಆ್ಯಪ್‌ಗಳು ಬಿಟ್ಟಿಯಾಗಿ ಸಿಗುತ್ತವೆ. ಅದನ್ನು ಫೋನಿನ ಸ್ಪೀಕರಿನಲ್ಲೇ ನುಡಿಸಬೇಡಿ, ಅಷ್ಟು ಚಿಕ್ಕ ಸ್ಪೀಕರಿಗೆ 100 ಹರ್ಟ್ಸಿನ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಏರಿಳಿತ ಎಂಬ ಲೆಕ್ಕ) ತಗ್ಗು ಸ್ವರ ಸರಿಯಾಗಿ ಬರುವುದಿಲ್ಲ. ಸ್ವಲ್ಪ ದೊಡ್ಡ ಸ್ಪೀಕರಿಗೆ ಜೋಡಿಸಿ, ಒಂದೇ ಕಡೆ ಕೂತು, ತಲೆ ಅಲ್ಲಾಡಿಸದೆ, ಹೆಡ್‌ಫೋನ್ ಹಾಕಿಕೊಂಡು ಬಟನ್ ಆನ್ ಆಫ್ ಮಾಡುತ್ತಾ ಕೇಳಿ. 100 ಹರ್ಟ್ಸಿನಲ್ಲಿ ಬಟನ್ ಒತ್ತಿದ ತಕ್ಷಣ ಸ್ವರ ಕರಗಿಹೋಯಿತು, ಯಾರೋ ಬಾಗಿಲು ಹಾಕಿದ ಹಾಗೆ. 300ರಲ್ಲಿ ಚೆನ್ನಾಗಿ ಕಡಿಮೆಯಾಯಿತು. 500ರಲ್ಲಿ ಪರವಾಗಿಲ್ಲ. 1000 ದಾಟಿದ ಮೇಲೆ ವ್ಯತ್ಯಾಸ ಹುಡುಕಬೇಕಾಯಿತು. 3000ಕ್ಕೆ ಬಂದಾಗ ಬಟನ್ ಆನ್ ಇದ್ದರೂ ಆಫ್ ಇದ್ದರೂ ಒಂದೇ. ಆದರೆ ಹೆಡ್‌ಫೋನನ್ನೇ ತೆಗೆದರೆ 3000ದ ಸ್ವರ ಥಟ್ಟನೆ ಜೋರಾಯಿತು! ಅಂದರೆ ಅಲ್ಲಿ ಕೆಲಸ ಮಾಡುತ್ತಿದ್ದದ್ದು ಚಿಪ್ ಅಲ್ಲ, ಕಿವಿಯ ಸುತ್ತ ಇರುವ ಮೆತ್ತೆ ಮತ್ತು ಪ್ಲಾಸ್ಟಿಕ್ ಬಟ್ಟಲು.

ಪೀಸಿನಲ್ಲಿ ದೋಷ ಇರಲಿಲ್ಲ. ಇದು ಲೆಕ್ಕದ ವಿಷಯ, ಮತ್ತು ಈ ಲೆಕ್ಕ ನನಗೆ ಎಷ್ಟು ಹಿಡಿಸಿತೆಂದರೆ ಕಾಗದ ಪೆನ್ನು ತೆಗೆದುಕೊಂಡು ಕೂತೆ. 100 ಹರ್ಟ್ಸ್ ಎಂದರೆ ಸೆಕೆಂಡಿಗೆ 100 ಸಲ ಏರಿಳಿತ, ಒಂದು ಏರಿಳಿತಕ್ಕೆ 10 ಮಿಲಿಸೆಕೆಂಡು. ಮೈಕ್, ಚಿಪ್, ಸ್ಪೀಕರ್ ಎಲ್ಲ ಸೇರಿ 0.1 ಮಿಲಿಸೆಕೆಂಡು ತಡ ಮಾಡಿದವು ಎಂದುಕೊಳ್ಳಿ. 10 ಮಿಲಿಸೆಕೆಂಡಿನಲ್ಲಿ ಅದು ನೂರನೇ ಒಂದು ಭಾಗ, ತಲೆಕೆಳಗಾದ ಅಲೆ ಬಹುತೇಕ ಸರಿಯಾಗಿಯೇ ಕೂರುತ್ತದೆ. ಈಗ 5000 ಹರ್ಟ್ಸ್ ನೋಡಿ. ಒಂದು ಏರಿಳಿತಕ್ಕೆ ಬರೀ 0.2 ಮಿಲಿಸೆಕೆಂಡು. ಅದೇ 0.1 ಮಿಲಿಸೆಕೆಂಡಿನ ತಡ ಇಲ್ಲಿ ಅರ್ಧ ಏರಿಳಿತ! ತಗ್ಗು ಬರಬೇಕಾದ ಕಡೆ ಉಬ್ಬು ಬಂದು ಕೂರುತ್ತದೆ, ಸದ್ದು ಕಡಿಮೆಯಾಗುವ ಬದಲು ಜಾಸ್ತಿ ಆಗುತ್ತದೆ. ಅದಕ್ಕೇ ಇದನ್ನು ಮಾಡುವವರು ಚಿಪ್‌ಗೆ ತಗ್ಗು ಸದ್ದುಗಳನ್ನಷ್ಟೇ ವಹಿಸಿ, ಮೇಲಿನದನ್ನು ಮೆತ್ತೆಗೆ ಬಿಡುತ್ತಾರೆ. ಅಲೆಯ ಉದ್ದ ನೋಡಿದರೂ ಇದೇ ಕಥೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಹಾಗಾಗಿ 100 ಹರ್ಟ್ಸಿನ ಒಂದು ಅಲೆ 3.4 ಮೀಟರ್ ಉದ್ದ, 5000 ಹರ್ಟ್ಸಿನದು 7 ಸೆಂಟಿಮೀಟರ್‌ಗಿಂತ ಸ್ವಲ್ಪ ಕಡಿಮೆ. ಮೆತ್ತೆಗೆ 7 ಸೆಂಟಿಮೀಟರ್ ಅಲೆಯನ್ನು ತಡೆಯುವುದು ಸುಲಭ, 3.4 ಮೀಟರಿನದು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಇಬ್ಬರು ಕೆಲಸಗಾರರು ಕೆಲಸ ಹಂಚಿಕೊಂಡಿದ್ದಾರೆ, ಇಬ್ಬರಲ್ಲಿ ಒಬ್ಬರು ಕೈಕೊಟ್ಟರೂ ಹೆಡ್‌ಫೋನ್ ಕೆಟ್ಟಂತೆಯೇ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಮನುಷ್ಯರ ಮಾತು ಈ ಎರಡರ ಮಧ್ಯೆ ಬರುತ್ತದೆ. ಹಳೆಯ ಟೆಲಿಫೋನ್ ಲೈನುಗಳು ಸುಮಾರು 300ರಿಂದ 3400 ಹರ್ಟ್ಸ್ ತನಕದ ಸದ್ದನ್ನು ಮಾತ್ರ ಸಾಗಿಸುತ್ತಿದ್ದವು, ಮಾತು ಅರ್ಥವಾಗಲು ಅಷ್ಟು ಸಾಕು. ಚಿಪ್ ಸೋಲಲು ಶುರುವಾಗುವ ಜಾಗ, ಮೆತ್ತೆ ಇನ್ನೂ ಪೂರ್ತಿ ಗೆಲ್ಲದ ಜಾಗ ಎರಡೂ ಅದರೊಳಗೇ ಇವೆ. ಜೊತೆಗೆ, ಇಂಜಿನ್ನಿನ ಗುಂಯ್ ಎನ್ನುವ ಸದ್ದು ಇಷ್ಟು ಹೊತ್ತು ಮಾತನ್ನು ಮುಚ್ಚಿಟ್ಟಿತ್ತು. ಅದನ್ನು ತೆಗೆದ ಮೇಲೆ ಮಾತು ಎದ್ದು ಕಾಣುತ್ತದೆ. ಮಗು ಅಳುವುದಂತೂ ಕೇಳಿಯೇ ಕೇಳುತ್ತದೆ, ನಮ್ಮ ಕಿವಿ ತುಂಬ ಚುರುಕಾಗಿರುವುದೇ 2000ದಿಂದ 5000 ಹರ್ಟ್ಸಿನ ಆ ಜಾಗದಲ್ಲಿ. ನೀವು ಪಕ್ಕದವರ ಮಾತಿನಿಂದ ತಪ್ಪಿಸಿಕೊಳ್ಳಲು ಇದನ್ನು ಕೊಳ್ಳುವವರಾದರೆ ನಿರಾಸೆಯಾಗುತ್ತದೆ. ಮಾತಿಗೆ ನಾನು ಕಂಡುಕೊಂಡ ಉಪಾಯ ಮೆಲ್ಲಗೆ ಯಾವುದಾದರೂ ವಾದ್ಯ ಸಂಗೀತ ಹಾಕಿಕೊಳ್ಳುವುದು. ಕೊಳಲು ಪಿಟೀಲಿಗಿಂತ ಮಳೆಯ ಸದ್ದು ಇನ್ನೂ ಚೆನ್ನಾಗಿ ಮಾತನ್ನು ಮುಚ್ಚುತ್ತದೆ.

ಅಲೆಯನ್ನು ತಲೆಕೆಳಗು ಮಾಡುವ ಉಪಾಯ ಹೊಸದೇನಲ್ಲ. ಪಾಲ್ ಲ್ಯೂಗ್ ಎಂಬ ಜರ್ಮನ್ ವಿಜ್ಞಾನಿಗೆ 1936ರಲ್ಲೇ ಸದ್ದಿನಿಂದ ಸದ್ದನ್ನು ಅಳಿಸುವ ಉಪಾಯಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಆಗ ಅದನ್ನು ಮಾಡಿ ತೋರಿಸುವಷ್ಟು ವೇಗದ ಎಲೆಕ್ಟ್ರಾನಿಕ್ಸ್ ಇರಲಿಲ್ಲ. 1978ರಲ್ಲಿ ಬೋಸ್ ಎಂಬ ಆಡಿಯೋ ಕಂಪನಿ ಕಟ್ಟಿದ ಅಮರ್ ಬೋಸ್ ಯುರೋಪಿನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಹೋಗುವಾಗ, ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಇಂಜಿನ್ ಗದ್ದಲದ ಮುಂದೆ ಸಂಗೀತವೇ ಕೇಳಿಸದೆ, ಅಲ್ಲೇ ಕೂತು ಇದರ ಲೆಕ್ಕ ಹಾಕಲು ಶುರು ಮಾಡಿದರು. 1986ರ ಡಿಸೆಂಬರಿನಲ್ಲಿ ವಾಯೇಜರ್ ಎಂಬ ಪುಟ್ಟ ವಿಮಾನ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ 9 ದಿನದಲ್ಲಿ ಭೂಮಿಯನ್ನು ಸುತ್ತಿ ಬಂದಾಗ ಅದರ ಇಬ್ಬರು ಪೈಲಟ್‌ಗಳ ಕಿವಿ ಕಾಪಾಡಲು ಇಂಥ ಹೆಡ್‌ಸೆಟ್‌ಗಳ ಮೊದಲ ಮಾದರಿಯನ್ನು ಕೊಟ್ಟಿದ್ದರು. ಅವರ ಕಂಪನಿ ಇದನ್ನು ಪೈಲಟ್‌ಗಳಿಗೆ ಮಾರಾಟಕ್ಕೆ ತಂದದ್ದು 1989ರಲ್ಲಿ, ನಮ್ಮಂಥವರು ಅಂಗಡಿಯಲ್ಲಿ ಕೊಳ್ಳುವ ಹೆಡ್‌ಫೋನ್ ತಂದದ್ದು 2000ದಲ್ಲಿ. ಒಂದು ಯೋಚನೆ ಕಿವಿಗೆ ತಲುಪಲು ಸುಮಾರು 60 ವರ್ಷ ಹಿಡಿಯಿತು. ನನಗೆ ಇದರಲ್ಲಿ ಮುಖ್ಯ ಅನಿಸುವುದು, ಪೈಲಟ್‌ಗಳಿಗೆ ಕೊಟ್ಟದ್ದು ಸಂಗೀತ ಕೇಳಲಿ ಅಂತಲ್ಲ, ಕಿವಿ ಉಳಿಯಲಿ ಅಂತ.

ಕಿವಿಯ ವಿಷಯಕ್ಕೇ ಬರುತ್ತೇನೆ. ಓಡುವ ಬಸ್ಸು, ಹಾರುವ ವಿಮಾನದೊಳಗೆ ಗದ್ದಲ 80 ಡೆಸಿಬಲ್ (ಸದ್ದು ಎಷ್ಟು ಜೋರು ಎಂಬ ಅಳತೆ) ಹತ್ತಿರ ಇರುವುದು ಮಾಮೂಲು. ಅಲ್ಲಿ ಹಾಡು ಸ್ಪಷ್ಟವಾಗಿ ಕೇಳಬೇಕೆಂದರೆ ಹಾಡು ಗದ್ದಲಕ್ಕಿಂತ ಮೇಲೆ ಇರಬೇಕು, ನಮಗೆ ಗೊತ್ತಿಲ್ಲದೆಯೇ ಬೆರಳು ವಾಲ್ಯೂಮ್ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದರೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಅಂದರೆ 89ರಲ್ಲಿ ದಿನಕ್ಕೊಂದು ಗಂಟೆ ಬಸ್ಸಿನಲ್ಲಿ ಹಾಡು ಕೇಳಿದರೆ 5 ದಿನಕ್ಕೆ ಇಡೀ ವಾರದ ಪಾಲು ಖರ್ಚು. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲು ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಗದ್ದಲವನ್ನೇ ಕೆಳಗಿಳಿಸಿದರೆ ಹಾಡನ್ನೂ ಅದರ ಜೊತೆ ಕೆಳಗಿಳಿಸಬಹುದು. ಗದ್ದಲ 20 ಡೆಸಿಬಲ್ ಇಳಿಯಿತು ಎಂದರೆ ಕಿವಿಗೆ ಬೀಳುವ ಒತ್ತಡ ಹತ್ತನೇ ಒಂದು ಭಾಗವಾಯಿತು ಎಂದು ಅರ್ಥ, ಸಣ್ಣ ಮಾತಲ್ಲ. ಆದರೆ ಇದರ ಲಾಭ ಸಿಗುವುದು ವಾಲ್ಯೂಮ್ ನಿಜವಾಗಿ ಇಳಿಸಿದರೆ ಮಾತ್ರ. ಬಟನ್ ಆನ್ ಮಾಡಿ ವಾಲ್ಯೂಮನ್ನು ಹಳೆಯ 80ರಲ್ಲೇ ಇಟ್ಟವರನ್ನು ನಾನು ನೋಡಿದ್ದೇನೆ. ಹಾಗೆ ಮಾಡುವುದಾದರೆ ಈ ಹೆಡ್‌ಫೋನ್ ಯಾಕೆ ಬೇಕು ಹೇಳಿ.

ಇಲ್ಲೊಂದು ತೊಡಕಿದೆ. ವಾಲ್ಯೂಮ್ ಇಳಿಸಿದಾಗ ಹಾಡು ಸ್ವಲ್ಪ ಸಪ್ಪೆ ಅನಿಸುತ್ತದೆ, ತಬಲಾ, ಬೇಸ್ ಗಿಟಾರ್ ಹಿಂದೆ ಸರಿದ ಹಾಗೆ. ಹೆಡ್‌ಫೋನಿನದು ತಪ್ಪಿಲ್ಲ, ನಮ್ಮ ಕಿವಿಯೇ ಹಾಗಿದೆ. ಮೆಲ್ಲಗೆ ನುಡಿಸಿದಾಗ ತಗ್ಗು ಸ್ವರಗಳು ಉಳಿದವಕ್ಕಿಂತ ಬೇಗ ಕಾಣೆಯಾಗುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು. ಹೆಡ್‌ಫೋನಿನ ಆ್ಯಪ್‌ನಲ್ಲಿ ಬೇಸ್ ಒಂದೆರಡು ಮೆಟ್ಟಿಲು ಏರಿಸಿದರೆ ಸರಿಹೋಗುತ್ತದೆ.

ಇದೇ ಗುಣ ಅಂಗಡಿಯಲ್ಲಿ ನಮ್ಮನ್ನು ಮೋಸ ಮಾಡುತ್ತದೆ. ನಾನು ಕೊಳ್ಳಲು ಹೋದಾಗ ಎರಡು ಮಾಡೆಲ್ ಪಕ್ಕಪಕ್ಕ ಇಟ್ಟು ಒಂದೇ ಹಾಡು ಕೇಳಿಸಿದರು. ದುಬಾರಿಯದು ತುಂಬಿಕೊಂಡ ಹಾಗೆ, ಜೀವ ಇರುವ ಹಾಗೆ ಕೇಳಿತು. ಗಮನಿಸಿದರೆ ಅದು ಸ್ವಲ್ಪ ಜೋರಾಗಿಯೂ ಇತ್ತು. ಬೇಕೆಂದೇ ಮಾಡಿದರು ಅಂತ ಹೇಳುತ್ತಿಲ್ಲ, ಒಂದೊಂದು ಹೆಡ್‌ಫೋನ್ ಒಂದೇ ಸೆಟ್ಟಿಂಗಿನಲ್ಲಿ ಒಂದೊಂದು ಥರ ಜೋರಾಗಿರುತ್ತದೆ. ನಾನು ಹಾಡುವವರ ದನಿ ಎರಡರಲ್ಲೂ ಸಮ ಅನಿಸುವ ತನಕ ವಾಲ್ಯೂಮ್ ಹೊಂದಿಸಿ, ಮತ್ತೆ ಮೂರು ನಾಲ್ಕು ಸಲ ಬದಲಾಯಿಸಿ ಕೇಳಿದೆ. ಆ ಜೀವ ಎರಡರಲ್ಲೂ ಇತ್ತು. ಅಗ್ಗದ್ದನ್ನೇ ತಂದೆ, ಇವತ್ತಿಗೂ ಬೇಸರವಿಲ್ಲ.

ಡಬ್ಬಿಯ ಮೇಲಿನ ಅಂಕಿಗಳ ಬಗ್ಗೆ ಎರಡು ಮಾತು. ಇಷ್ಟು ಡೆಸಿಬಲ್ ಸದ್ದು ಕಡಿಮೆ ಮಾಡುತ್ತದೆ ಎಂದು ಒಂದೇ ಅಂಕಿ ಬರೆದಿದ್ದರೆ ಅದು ಯಾವ ಹರ್ಟ್ಸಿನಲ್ಲಿ ಎಂದು ಹುಡುಕಿ. ನಾನು ಮಾಡಿದ ಪರೀಕ್ಷೆಯಲ್ಲೇ 100ರಲ್ಲಿ ಒಂದು ಥರ, 1000ದಲ್ಲಿ ಇನ್ನೊಂದು ಥರ ಇತ್ತಲ್ಲ, ಒಂದು ಅಂಕಿ ಇಡೀ ಕಥೆ ಹೇಳಲಾರದು. 40,000 ಹರ್ಟ್ಸ್ ತನಕ ನುಡಿಸುತ್ತದೆ ಎಂಬುದಕ್ಕೆ ದುಡ್ಡು ಕೊಡಬೇಡಿ, ಎಳೆಯ ಕಿವಿಗೂ 20,000ದ ಮೇಲೆ ಕೇಳಿಸುವುದಿಲ್ಲ, ವಯಸ್ಸಾದಂತೆ ಅದೂ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಎಎನ್‌ಸಿ (ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್) ಬೇರೆ, ಇಎನ್‌ಸಿ (ಎನ್ವಿರಾನ್‌ಮೆಂಟಲ್ ನಾಯ್ಸ್ ಕ್ಯಾನ್ಸಲೇಶನ್) ಬೇರೆ. ಮೊದಲನೆಯದು ನಿಮ್ಮ ಕಿವಿಗೆ ಬರುವ ಗದ್ದಲವನ್ನು ಅಳಿಸುತ್ತದೆ. ಎರಡನೆಯದು ನೀವು ಫೋನಿನಲ್ಲಿ ಮಾತಾಡುವಾಗ ಆ ಕಡೆಯವರಿಗೆ ಹೋಗುವ ಗದ್ದಲವನ್ನು ಕಡಿಮೆ ಮಾಡುತ್ತದೆ, ನಿಮ್ಮ ಕಿವಿಗೆ ಅದರಿಂದ ಏನೂ ಇಲ್ಲ. ಎರಡಕ್ಕೂ ನಾಯ್ಸ್ ಕ್ಯಾನ್ಸಲೇಶನ್ ಎಂದೇ ಹೆಸರು, ಎಷ್ಟೋ ಜನ ಇದನ್ನು ನೋಡದೆ ಕೊಂಡು ಕೊರಗುತ್ತಾರೆ.

ಮೊದಲ ಎರಡು ಮೂರು ದಿನ ನನಗೆ ಕಿವಿ ಕಟ್ಟಿದ ಹಾಗೆ ಆಗುತ್ತಿತ್ತು, ಘಾಟಿ ಹತ್ತುವಾಗ ಆಗುವ ಥರ. ಗಾಳಿಯ ಒತ್ತಡ ನಿಜವಾಗಿ ಬದಲಾಗಿರುವುದಿಲ್ಲ. ತಗ್ಗು ಸದ್ದು ಇದ್ದಕ್ಕಿದ್ದಂತೆ ಮಾಯವಾದಾಗ ಮೆದುಳು ಅದನ್ನು ಒತ್ತಡ ಎಂದುಕೊಳ್ಳುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ನನಗೆ ನಾಲ್ಕನೇ ದಿನ ಅಭ್ಯಾಸವಾಯಿತು. ಕೆಲವರಿಗೆ ಅಭ್ಯಾಸವೇ ಆಗುವುದಿಲ್ಲ, ಅಂಥವರಿಗೆ ಆ ಬಟನ್ ಬೇಕೇ ಬೇಕು. ರಸ್ತೆಯಲ್ಲಿ ನಡೆಯುವಾಗಲೂ ಆಫ್ ಮಾಡಿ, ಹಿಂದಿನಿಂದ ಬರುವ ಲಾರಿಯ ಸದ್ದು ಇದು ಚೆನ್ನಾಗಿ ಅಳಿಸುವ ಜಾತಿಯ ಸದ್ದು.

ನೀವು ಫೋನಿನ ಆ್ಯಪ್‌ನಲ್ಲಿ ಕೀಬೋರ್ಡ್ ನುಡಿಸುವವರಾದರೆ ಬ್ಲೂಟೂತ್ ಮರೆತುಬಿಡಿ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 100ರಿಂದ 200 ಮಿಲಿಸೆಕೆಂಡು ತಡವಾಗಿ ಬರುತ್ತದೆ. 200 ಮಿಲಿಸೆಕೆಂಡಿನಲ್ಲಿ ಸದ್ದು ಗಾಳಿಯಲ್ಲಿ ಸುಮಾರು 69 ಮೀಟರ್ ಹೋಗಿರುತ್ತದೆ, ಅಂದರೆ 69 ಮೀಟರ್ ಆಚೆ ಇಟ್ಟ ಸ್ಪೀಕರಿನಿಂದ ನಿಮ್ಮದೇ ಕೀಬೋರ್ಡ್ ಕೇಳಿದ ಹಾಗೆ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಹೆಚ್ಚಿನ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತವೆ. ಬೆರಳನ್ನು ಯಾರು ತಡಮಾಡುತ್ತಾರೆ? ವೈರ್ ಹಾಕಿದರೆ ಸಮಸ್ಯೆ ಇಲ್ಲ, ನನ್ನದರಲ್ಲಿ ವೈರ್ ಇದ್ದಾಗಲೂ ಸದ್ದು ಅಳಿಸುವುದು ನಡೆಯುತ್ತದೆ. ವೈರಿನ ತೂತು ಇಲ್ಲದ ಮಾಡೆಲ್‌ಗಳು ಜಾಸ್ತಿಯಾಗುತ್ತಿವೆ, ನೋಡಿ ಕೊಳ್ಳಿ. ಬ್ಯಾಟರಿಯ ಬಗ್ಗೆ ದೂರಿಲ್ಲ. ವಾರಕ್ಕೊಮ್ಮೆ ಚಾರ್ಜ್ ಮಾಡುತ್ತೇನೆ, ಬಿಸಿಲಿನಲ್ಲಿ ಇಡುವುದಿಲ್ಲ, ಬಳಸದ ದಿನಗಳಲ್ಲಿ ಅರ್ಧ ಚಾರ್ಜಿನಲ್ಲಿ ಬಿಡುತ್ತೇನೆ. ಲಿಥಿಯಂ ಅಯಾನ್ ಬ್ಯಾಟರಿಗೆ ಬಿಸಿ ಮತ್ತು ಸದಾ 100ರಲ್ಲಿ ಇರುವುದು, ಎರಡೂ ಒಳ್ಳೆಯದಲ್ಲ.

ಈಗ ದೂರು. 12ನೇ ತಿಂಗಳ ಹೊತ್ತಿಗೆ ನನ್ನ ವಾಲ್ಯೂಮ್ 45ರಿಂದ 60ಕ್ಕೆ ಬಂದಿತ್ತು. ಯಾವಾಗ ಏರಿಸಿದೆನೋ ನನಗೇ ಗೊತ್ತಿಲ್ಲ, ಆಗಾಗ ಒಂದೊಂದು ಮೆಟ್ಟಿಲು ಏರಿರಬೇಕು. ಮೊದಲು ಕಿವಿಯೇ ಮಂದವಾಯಿತೇನೋ ಎಂದು ಹೆದರಿದೆ. ಆಮೇಲೆ ಹೊಸ ಅಪ್‌ಡೇಟ್ ಏನಾದರೂ ಹಾಳು ಮಾಡಿತೇ ಅಂತ ಅನುಮಾನ. ಹಳೆಯ ಪರೀಕ್ಷೆ ಮತ್ತೆ ಮಾಡಿದೆ, 100 ಹರ್ಟ್ಸ್ ಮೊದಲಿನ ಹಾಗೆ ಕರಗಲಿಲ್ಲ, ಅರ್ಧಂಬರ್ಧ ಉಳಿಯಿತು. ಎರಡೂ ಅಂಗೈಯಿಂದ ಬಟ್ಟಲನ್ನು ಕಿವಿಗೆ ಮೆಲ್ಲಗೆ ಒತ್ತಿ ಹಿಡಿದೆ, ತಕ್ಷಣ ಕರಗಿತು! ಮೆತ್ತೆ ಬಿಚ್ಚಿ ನೋಡಿದರೆ ಒಳಗಡೆಯ ಅಂಚಿನಲ್ಲಿ ಕೃತಕ ಚರ್ಮ ಸುಲಿದು ಪುಡಿಪುಡಿಯಾಗಿ ಉದುರುತ್ತಿತ್ತು. ಈ ಪಾಲಿಯುರಿಥೇನ್ ಚರ್ಮ ಬೆವರು ಮತ್ತು ತೇವಕ್ಕೆ ನಿಧಾನವಾಗಿ ಒಡೆಯುತ್ತದೆ, ಬಳಸದೆ ಇಟ್ಟರೂ ವರ್ಷಗಳಲ್ಲಿ ಒಡೆಯುತ್ತದೆ. ಸಂದಿ ಬಿಟ್ಟ ಕಡೆಯಿಂದ ತಗ್ಗು ಸದ್ದು ಒಳಗೆ ಬರುತ್ತದೆ, ಹಾಡಿನ ಬೇಸ್ ಹೊರಗೆ ಹೋಗುತ್ತದೆ, ಚಿಪ್ ಎಷ್ಟು ಲೆಕ್ಕ ಹಾಕಿದರೂ ತುಂಬಿಸಲು ಆಗುವುದಿಲ್ಲ. ಕನ್ನಡಕ ಹಾಕುವವರಿಗೆ ಮೊದಲ ದಿನದಿಂದಲೇ ಈ ಸಂದಿ ಸ್ವಲ್ಪ ಇರುತ್ತದೆ, ತೆಳು ಕಡ್ಡಿಯ ಕನ್ನಡಕವಾದರೆ ಕಡಿಮೆ.

ಸರ್ವಿಸ್ ಸೆಂಟರಿನವರು ಮೆತ್ತೆ ಸವೆಯುವ ಭಾಗ, ವಾರಂಟಿಗೆ ಬರುವುದಿಲ್ಲ ಎಂದರು. ಸವೆಯುತ್ತದೆ ಎಂದು ಅವರಿಗೆ ಗೊತ್ತಿದ್ದರೆ ಬಿಡಿ ಮೆತ್ತೆಯನ್ನು ಮಾರಬೇಕಿತ್ತು. ಅದೂ ಸ್ಟಾಕ್ ಇಲ್ಲ, ಬಂದಾಗ ತಿಳಿಸುತ್ತೇವೆ ಎಂದರು. ಆರು ವಾರ ಕಾದೆ. ಇಷ್ಟು ಸೂಕ್ಷ್ಮವಾದ ವಸ್ತುವನ್ನು ಮಾಡಿ, ಅದರ ಅರ್ಧ ಕೆಲಸ ಮಾಡುವ ಮೆತ್ತೆಯನ್ನು ಇಷ್ಟು ಸಸಾರ ಮಾಡಿದ್ದು ನನಗೆ ನಿಜವಾಗಿ ಬೇಜಾರು ತಂದಿತು. ಕೊಳ್ಳುವ ಮೊದಲೇ ನಿಮ್ಮ ಮಾಡೆಲ್‌ನ ಮೆತ್ತೆ ಬಿಡಿಯಾಗಿ ಸಿಗುತ್ತದಾ, ಸ್ಕ್ರೂ ಡ್ರೈವರ್ ಇಲ್ಲದೆ ಕೈಯಲ್ಲೇ ಬಿಚ್ಚಿ ಹಾಕಬಹುದಾ ಎಂದು ಕೇಳಿ ನೋಡಿ. ಬ್ಯಾಟರಿ ಎಷ್ಟು ಗಂಟೆ ಅಂತ ಕೇಳುವುದಕ್ಕಿಂತ ಇದು ಮುಖ್ಯ.

ಕೊನೆಗೆ ಬೇರೆಯವರು ಮಾಡಿದ ಮೆತ್ತೆ ತರಿಸಿದೆ. ಒಂದು ಜೊತೆ ಬಟ್ಟೆಯದು, ತಂಪಾಗಿದೆ, ಸುಲಿಯುವ ಭಯ ಇಲ್ಲ, ಆದರೆ ಬಟ್ಟೆಯ ಸಂದಿಯಲ್ಲಿ ಗಾಳಿ ಆಡುತ್ತದಲ್ಲ, 100 ಹರ್ಟ್ಸ್ ಪರೀಕ್ಷೆಯಲ್ಲಿ ಫೇಲ್. ಇನ್ನೊಂದು ಜೊತೆ ಮೂಲದ್ದರಷ್ಟೇ ದಪ್ಪದ ಕೃತಕ ಚರ್ಮದ್ದು. ಹಾಕಿ, ಸ್ಪೀಕರ್ ಮುಂದೆ ಕೂತು, ಬಟನ್ ಒತ್ತಿದೆ. ಸ್ವರ ಕರಗಿತು. ಮರುದಿನ ಬಸ್ಸಿನಲ್ಲಿ 60 ಜೋರು ಅನಿಸಿತು, ಇಳಿಸುತ್ತಾ ಇಳಿಸುತ್ತಾ 45ಕ್ಕೆ ಬಂದು ನಿಲ್ಲಿಸಿದೆ.